ಮಂಗಳವಾರಗಳಿದ್ದ ಒಂದು ವರ್ಷ

ಹೋದ ವಾರ ಖಾನಾಪುರದಲ್ಲಿ ನಮ್ಮ ಇಲಾಖೆಯ ತರಬೇತಿ ಇತ್ತು. ಬಸ್ಸಿನಿಂದ ಇಳಿದಾಗ ಮಳೆ ಹಿಡಿದುಕೊಂಡೇ ಇತ್ತು. ಕೊಡೆ ಇದ್ದರೂ ಚೂಡಿದಾರ ಮೊಣಕಾಲಿನವರೆಗೆ ತೊಯ್ದಿತ್ತು. ಇನ್ನಷ್ಟು ನೆನೆಯುವುದು ಬೇಡವೆಂದು ಆಸ್ಪತ್ರೆಯ ಹಿಂದಿನ ಓಣಿ ಹಿಡಿದೆ. ಅಲ್ಲಿ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಮೂಲೆಯ ಕೋಣೆಗೆ ಒಬ್ಬ ಹಳದಿ ಬಣ್ಣ ಹೊಡೆಯುತ್ತಿದ್ದ. ಸುರಿಯುವ ಮಳೆಯಲ್ಲಿ ಗೋಡೆಗೆ ಬಣ್ಣ ಹೊಡೆಸುವ ವಿಚಾರ ಸರ್ಕಾರದವರಿಗೆ ಮಾತ್ರ ಹೊಳೆಯುತ್ತದೆ.

“ಏನ್ ಬರತೈತ್ರಿ ಇಲ್ಲಿ?” ಎಂದು ಕೇಳಿದೆ.

“ಹೊಸಾ ಸ್ಕೀಮ್ ಬಂದೈತ್ರಿ. ತಲಿ ನೆಟ್ಟಗಿಲ್ಲದಾರಿಗೆ, ಮತ್ತ ಕುಡಿಯಾರಿಗೆ. ರೊಕ್ಕ ಭಾಳ ಬಂದೈತಂತ,” ಎಂದ ಅವನು, ಕೈ ನಿಲ್ಲಿಸದೆ.

ಪೇಪರಿನಲ್ಲಿ ನಾನೂ ಓದಿದ್ದೆ. ಮಾನಸಿಕ ಆರೋಗ್ಯಕ್ಕೆ, ವ್ಯಸನ ಬಿಡಿಸುವ ಚಿಕಿತ್ಸೆಗೆ ಸರ್ಕಾರ ಮತ್ತೆ ಹಣ ಕೊಡುತ್ತದೆ, ಊರೂರಿಗೆ ಒಯ್ಯುತ್ತದೆ ಎಂದು. ಓದಿ ಖುಷಿಪಟ್ಟು ಪೇಪರು ಮಡಿಚಿಟ್ಟಿದ್ದೆ. ಆದರೆ ಓದುವುದು ಬೇರೆ, ಆ ಬಾಗಿಲ ಮುಂದೆ ನಿಲ್ಲುವುದು ಬೇರೆ. ಅದೇ ಕೋಣೆ, ಅದೇ ಹಳದಿ. ಅವತ್ತಿನ ತರಬೇತಿಯಲ್ಲಿ ಯಾರು ಏನು ಹೇಳಿದರೋ ನನಗೆ ಒಂದೂ ತಿಳಿಯಲಿಲ್ಲ. ತಲೆಯಲ್ಲಿ ನನ್ನ ಹಳೆಯ ರೋಗಿ ಮಾರುತಿಯೇ ತುಂಬಿಕೊಂಡಿದ್ದ.

ನಾನು ನರ್ಸ್. ಹೆಸರು ಮುಮ್ತಾಜ್. ಮನೆ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ. ಮನೋರೋಗಿಗಳ ಆರೈಕೆಯ ತರಬೇತಿ ಪಡೆದವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಜನ, ಅದರಲ್ಲಿ ನಾನೊಬ್ಬಳು. ಕೆಲವು ವರ್ಷಗಳ ಹಿಂದೆ ಹೀಗೇ ಹಣ ಬಂದಾಗ ನನ್ನನ್ನು ಖಾನಾಪುರಕ್ಕೆ ಹಾಕಿದರು. ಆ ಹಣದಲ್ಲಿ ಒಂದು ಕೋಣೆ, ಒಂದು ಮೇಜು, ಗುಳಿಗೆ ಇಡಲು ಬೀಗದ ಕಪಾಟು, ಒಂದು ಫೋನು, ಪ್ರತಿ ಮಂಗಳವಾರ ಬೆಳಗಾವಿಯಿಂದ ಜೀಪಿನಲ್ಲಿ ಬರುವ ಡಾಕ್ಟರು, ಬೆಳಗಾವಿಯ ವಾರ್ಡಿನಲ್ಲಿ ನಮ್ಮ ರೋಗಿಗಳಿಗೆಂದೇ ತೆಗೆದಿಟ್ಟ ಕೆಲವು ಹಾಸಿಗೆಗಳು, ಇವೆಲ್ಲ ಇದ್ದವು. ಯೋಜನೆ ಒಂದು ವರ್ಷದ್ದು, ‘ಮುಂದುವರಿಸಬಹುದು’ ಎಂದು ಹೇಳಿದ್ದರು. ಸರ್ಕಾರಿ ಕನ್ನಡದಲ್ಲಿ ‘ಬಹುದು’ ಎಂಬುದಕ್ಕೆ ಅರ್ಥವೇನು ಎಂದು ನನಗೆ ಆಗ ಗೊತ್ತಿರಲಿಲ್ಲ.

ಬಾಗಿಲ ಮೇಲೆ ದೊಡ್ಡ ಬೋರ್ಡು ಬರೆಸಿದ್ದರು. ಮಾನಸಿಕ ಎಂಬ ಅಕ್ಷರಗಳು ಬಸ್ ನಿಲ್ದಾಣದ ಕಡೆಯಿಂದಲೇ ಕಾಣುತ್ತಿದ್ದವು. ಒಬ್ಬರೂ ಬರಲಿಲ್ಲ. ಜನ ಬೋರ್ಡು ನೋಡಿ ಓಣಿಯ ಆಚೆ ಬದಿ ಹಿಡಿದು ಹೋಗುತ್ತಿದ್ದರು. ಡಾಕ್ಟರು ಮೈಸೂರು ಕಡೆಯ ಹುಡುಗ. ಖಾಲಿ ಕೋಣೆಯಲ್ಲಿ ಕುಳಿತು ನನ್ನ ಹತ್ತಿರ ಇಲ್ಲಿನ ಮಾತು ಕಲಿಯುತ್ತಿದ್ದರು. ಜೀವಕ್ಕೆ ಬ್ಯಾಸರ ಆಗೈತಿ ಅಂದರೆ ಸುಮ್ಮನೆ ಬೇಜಾರಲ್ಲ, ಬದುಕೇ ಬೇಡವಾಗಿದೆ ಎಂದೂ ಇರಬಹುದು, ಬಿಡಿಸಿ ಕೇಳಬೇಕು ಸರ್ ಎಂದು ನಾನು ಹೇಳಿಕೊಡುತ್ತಿದ್ದೆ. ಒಂದು ದಿನ ಒಬ್ಬ ಮುದುಕಿ ಬಾಗಿಲಲ್ಲಿ ತಲೆ ಹಾಕಿ, “ಝೋಪೇಚಾ ಡಾಕ್ಟರ್ ಇಥೇಚ್ ಕಾ?” ಎಂದಳು. ನಿದ್ದೆ ಡಾಕ್ಟರ್ ಇಲ್ಲೇನಾ ಎಂದು. ಅವಳಿಗೆ ಮಗ ತೀರಿಕೊಂಡ ಮೇಲೆ ನಿದ್ದೆ ಹತ್ತಿರಲಿಲ್ಲ. ನಾನು ಹೌದು ಅಜ್ಜಿ, ಬರ್ರಿ ಎಂದೆ. ಆ ಹೆಸರೇ ನಮ್ಮನ್ನು ಉಳಿಸಿತು. ಹುಚ್ಚಿನ ಡಾಕ್ಟರ್ ಹತ್ತಿರ ಹೋಗಲು ಯಾರಿಗೂ ಧೈರ್ಯವಿರಲಿಲ್ಲ, ನಿದ್ದೆಯ ಡಾಕ್ಟರ್ ಹತ್ತಿರ ಎಲ್ಲರೂ ಬಂದರು. ಆಮೇಲೆ ನಿದ್ದೆಯೂ ಹೋಗಿ ಬರೀ ‘ಮಂಗಳವಾರ’ ಉಳಿಯಿತು. ಎಲ್ಲಿಗೆ ಹೊಂಟೀರಿ ಎಂದರೆ ಮಂಗಳವಾರಕ್ಕೆ ಹೊಂಟೇವ್ರಿ ಎನ್ನುತ್ತಿದ್ದರು.

ಸುರೇಖಾ ಕೂಡ ನಿದ್ದೆ ಇಲ್ಲವೆಂದೇ ಬಂದಳು. ಖಾನಾಪುರದ ಹತ್ತಿರದ ಗುಂಜಿ ಎಂಬ ಹಳ್ಳಿಯವಳು, ಕಾಡಿನ ಅಂಚಿನ ಮನೆ. ನಿದ್ದೆ ಯಾಕೆ ಬರುವುದಿಲ್ಲ ಎಂದು ಹೇಳಲು ಅವಳಿಗೆ ಹಲವು ವಾರ ಬೇಕಾಯಿತು. ಗಂಡ ಮಾರುತಿ ಬೆಳಗಾವಿಯ ಆಟೋ ನಗರದಲ್ಲಿ ಲಾರಿ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ವೆಲ್ಡರ್. ದನ ಕಾಯುವ ಮನೆತನದಿಂದ ಸಂಬಳಕ್ಕೆ ಹೋದ ಮೊದಲಿಗ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಮಾಲೀಕನೇ ಹೇಳುತ್ತಿದ್ದನಂತೆ. ಆದರೆ ಈಗ ಮುಂಜಾನೆ ರೈಲು ಹತ್ತುವ ಮೊದಲೇ ಕುಡಿಯುತ್ತಾನೆ, ಬೀಳುತ್ತಾನೆ, ಒಂದು ಸಲ ಹಳಿಯ ಪಕ್ಕದಲ್ಲೇ ಬಿದ್ದಿದ್ದ ಎಂದು ಹೇಳಿ ಅತ್ತಳು. “ಅವರು ಉಳಿದ್ರ ಸಾಕ್ರಿ ಸಿಸ್ಟರ್, ನನಗ ನಿದ್ದಿ ತಾನ ಬರತೈತಿ,” ಎಂದಳು.

ಮುಂದಿನ ವಾರ ಮಾರುತಿಯನ್ನೂ ಕರೆತಂದಳು. ನಾನು ದೊಡ್ಡ ಕುಡುಕನನ್ನು ನಿರೀಕ್ಷಿಸಿದ್ದೆ. ಬಂದವನು ತೆಳ್ಳಗಿನ, ತಲೆ ಬಾಚಿದ, ನಾಚಿಕೆಯ ಮನುಷ್ಯ.

“ಮುಂಜಾನೆ ಯಾಕ ಕುಡೀತೀ ಮಾರುತಿ?” ಎಂದೆ.

“ಕುಡೀಲಿಲ್ಲಂದ್ರ ಕೈ ನಡಗತಾವ್ರಿ, ಬೆಸುಗಿ ಸೊಟ್ಟ ಆಗತೈತಿ. ಕುಡದ್ರ ಲಾರಿ ನೆಟ್ಟಗ ನಿಂದರತೈತಿ, ನಾ ಸೊಟ್ಟ ಆಗತೇನಿ.”

ಡಾಕ್ಟರು ಅವನ ಕೈ ಚಾಚಿಸಿ ನೋಡಿದರು. ಆಮೇಲೆ ತಮ್ಮ ಮೈಸೂರಿನ ಮೆತ್ತನೆಯ ಕನ್ನಡದಲ್ಲಿ ಹೇಳಿದರು: “ನೋಡಿ, ನೀವಾಗಿ ನೀವೇ ಒಂದೇ ಸಲಕ್ಕೆ ಬಿಟ್ಟುಬಿಡಬೇಡಿ. ಇಷ್ಟು ವರ್ಷ ಕುಡಿದ ಮೈ ಇದು. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಬೆಳಗಾವಿಯಲ್ಲಿ ಹಾಸಿಗೆ ಇದೆ. ಬಂದು ಸೇರಿಕೊಳ್ಳಿ, ಮಾತ್ರೆ ಕೊಟ್ಟು ಹುಷಾರಾಗಿ ಬಿಡಿಸ್ತೀವಿ.”

ಮಾರುತಿ ಗಂಭೀರವಾಗಿ ಕೇಳಿಸಿಕೊಂಡು, “ಸಾಹೇಬ್ರ, ಬಿಡಬ್ಯಾಡ ಅಂದಿದ್ದನ್ನ ಒಂದ ಚೀಟ್ಯಾಗ ಬರದ ಕೊಡ್ರಿ. ಮನ್ಯಾಗ ತೋರಸ್ತೀನಿ,” ಎಂದ. ಸುರೇಖಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೈಯಲ್ಲಿರುವ ಲಾರಿ ಮುಗಿಸಿ ಬಂದು ಸೇರುತ್ತೇನೆ ಎಂದು ಒಪ್ಪಿಕೊಂಡು ಹೋದ. ಆದರೆ ಡಾಕ್ಟರ ಮಾತಿನ ಅರ್ಧ ಭಾಗ ಮಾತ್ರ ಗುಂಜಿ ಮುಟ್ಟಿತು. ಸರ್ಕಾರಿ ಡಾಕ್ಟರು ಕುಡಿಯುವುದು ಬಿಡಬೇಡ ಎಂದರಂತೆ. ರೈಲಿನಲ್ಲಿ, ಚಹಾದಂಗಡಿಯಲ್ಲಿ, ಎಲ್ಲ ಕಡೆ ಅದೇ ಮಾತು. ಕುಡಿಯುವವರು ಡಾಕ್ಟರಿಗೆ ಕೈ ಮುಗಿದರು, ಕುಡಿಯದವರು ಶಾಪ ಹಾಕಿದರು. ನಮ್ಮ ಅಮ್ಮನ ಕಿವಿಗೂ ಬಿತ್ತು. ನಮ್ಮ ಮನೆಯಲ್ಲಿ ಆ ಹೆಸರೆತ್ತುವುದೂ ಹರಾಮ್. “ಅಗೇ ಮುಮ್ತಾಜ್, ತೇರೀ ನೌಕರೀ ದಾರೂ ಛುಡಾನೇಕೀ ಹೈ ಕಿ ಪಿಲಾನೇಕೀ?” ಎಂದು ಕೇಳಿದಳು. ಬಿಡಿಸುವ ನೌಕರಿಯೋ ಕುಡಿಸುವ ನೌಕರಿಯೋ ಎಂದು. ನಾನು ನಕ್ಕುಬಿಟ್ಟೆ.

ಮಾರುತಿಯ ಕಾಕಾ ಯಲ್ಲಪ್ಪ ನಗುವ ಪೈಕಿ ಅಲ್ಲ. ತಂದೆಯಿಲ್ಲದ ಮಾರುತಿಯನ್ನು ಸಾಕಿದವರು ಅವರು. ಭಜನಾ ಮಂಡಳಿಯ ಹಿರಿಯರು, ಮಾಳಕರಿ. ಈ ಕಡೆ ವಿಠ್ಠಲನ ಹೆಸರಲ್ಲಿ ಕೊರಳಿಗೆ ತುಳಸಿ ಮಾಳ ಹಾಕಿಕೊಂಡವರನ್ನು ಹಾಗೆ ಕರೆಯುತ್ತಾರೆ. ಮಾಳ ಬಿದ್ದ ದಿನದಿಂದ ಹೆಂಡವಿಲ್ಲ, ಮಾಂಸವಿಲ್ಲ. ಮಗ ಕುಡುಕನಾದರೆ ಮಾಳ ಹಾಕಿಸಿ ಎನ್ನುವುದು ಇಲ್ಲಿನ ಹಳೆಯ ಮದ್ದು. ಒಂದು ಮಂಗಳವಾರ ಯಲ್ಲಪ್ಪಕಾಕಾ ನಮ್ಮ ಬಾಗಿಲಿಗೆ ಬಂದು ನಿಂತರು. ಕುಂದರ್ರಿ ಎಂದರೂ ಕೂರಲಿಲ್ಲ.

“ಸರ್ಕಾರ ರೊಕ್ಕ ಕೊಟ್ಟ ನಿಮ್ಮನ್ನಿಲ್ಲಿ ಕುಂದರಿಸಿದ್ದು ಬಿಡಸಾಕೋ, ಬಿಡಬ್ಯಾಡ ಅನ್ನಾಕೋ?”

ನಾನು ಎಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು. “ನಮ್ಮಪ್ಪ ಮಾಳ ಹಾಕ್ಕೊಂಡ ದಿನ ಬಿಟ್ಟಾಂವ. ಸಾಯೂತನಾ ಮುಟ್ಟಲಿಲ್ಲ. ಅಂವಾ ಯಾವ ಗುಳಗಿ ತಗೊಂಡಿದ್ದ?” ಎಂದರು. ಹಾಗೆ ಬಿಟ್ಟು ಬದುಕಿದವರೂ ಬಹಳ ಜನ ಇದ್ದಾರೆ. ಎಲ್ಲರ ಮೈ ಒಂದೇ ಅಲ್ಲ ಕಾಕಾ ಎಂದೆ. ಅವರು ಕೊಡೆ ಬಿಡಿಸಿಕೊಂಡು ಹೋದರು.

ಮಾಳ ಹಾಕುವ ದಿನವಾದ ಆಷಾಢದ ಏಕಾದಶಿಯ ಸಂಜೆ ಸುರೇಖಾಳ ಫೋನು ಬಂತು. ದನಿಯಲ್ಲಿ ಹಬ್ಬ. “ಸಿಸ್ಟರ್, ನಮ್ಮವರು ಮಾಳಕರಿ ಆದರು. ಕಾಕಾನ ಹಾಕಿದ್ರು. ಇವತ್ತ ಒಂದ ಹನಿ ಮುಟ್ಟಿಲ್ಲ.” ಡಾಕ್ಟರು ಹೇಳಿದ್ದು ನೆನಪು ಮಾಡಿಕೊಟ್ಟು, ನಾಳೆಯೇ ಕರೆದುಕೊಂಡು ಬಾ ಎಂದೆ. ನಾಳೆ ಭಜನೆ ಇದೆ, ಆಮೇಲೆ ಬರುತ್ತೇವೆ ಎಂದಳು. ಇಡೀ ಕೇರಿ ಮನೆಗೆ ಬಂದು ಅವನ ಕಾಲಿಗೆ ಬೀಳುತ್ತಿತ್ತು. ಮಾಳಕರಿಗಳು ಒಬ್ಬರ ಕಾಲಿಗೆ ಒಬ್ಬರು ಬೀಳುತ್ತಾರೆ, ದೊಡ್ಡವನು ಸಣ್ಣವನು ನೋಡುವುದಿಲ್ಲ. ಅಷ್ಟು ವರ್ಷ ಜನ ದಾಟಿಕೊಂಡು ಹೋದ ಮನುಷ್ಯನ ಕಾಲನ್ನು ಜನ ಮುಟ್ಟುತ್ತಿರುವಾಗ ಅವನನ್ನು ಎಬ್ಬಿಸಿ ಆಸ್ಪತ್ರೆಗೆ ತಾ ಎಂದರೆ ಯಾವ ಹೆಂಡತಿ ತಂದಾಳು?

ಎರಡು ದಿನ ಬಿಟ್ಟು ಮತ್ತೆ ಫೋನು ಬಂತು. ಈ ಸಲ ಅವಳು ಮಾತೇ ಆಡಲಿಲ್ಲ, ಹಿಂದೆ ತಾಳದ ಸದ್ದು ಮಾತ್ರ ಕೇಳಿಸಿತು. ನಾನು ಖಾನಾಪುರದಿಂದ ಆಂಬುಲೆನ್ಸ್ ಹೊರಡಿಸಿಕೊಂಡು ಹೋದೆ. ದಾರಿಯಲ್ಲಿ ಮರ ಬಿದ್ದಿತ್ತು, ಅದನ್ನು ಸರಿಸಲು ಡ್ರೈವರ್ ಜೊತೆ ನಾನೂ ಕೈ ಹಚ್ಚಿದೆ.

ಮಾರುತಿ ಪಡಸಾಲೆಯ ನಡುವೆ ಕುಳಿತಿದ್ದ. ಸುತ್ತ ಗಂಡಸರು ಭಜನೆ ಹಾಡುತ್ತಿದ್ದರು. ಅವನು ಅವರಾರನ್ನೂ ನೋಡುತ್ತಿರಲಿಲ್ಲ. ಮೈಯೆಲ್ಲ ಬೆವರು. ಎಡಗೈಯನ್ನು ಕಣ್ಣಿಗೆ ಅಡ್ಡ ಹಿಡಿದು, ಬಲಗೈಯಿಂದ ಗಾಳಿಯಲ್ಲಿ ಬೆಸುಗೆ ಹಾಕುತ್ತಿದ್ದ. “ರಾಡ್ ಕೊಡ ಲೇ,” ಎನ್ನುತ್ತಿದ್ದ. “ನೋಡಬ್ಯಾಡ್ರಿ, ಕಣ್ಣ ಹೋಗ್ತಾವ, ಎಲ್ಲಾರೂ ಆ ಕಡೆ ಮಾರಿ ಮಾಡ್ರಿ.” ಇಲ್ಲದ ಕಿಡಿಗಳನ್ನು ತೊಡೆಯ ಮೇಲಿಂದ ಕೊಡವಿಕೊಳ್ಳುತ್ತಿದ್ದ. ಅಂದು ಬೆಳಿಗ್ಗೆ ಒಮ್ಮೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದ.

“ವಿಠ್ಠಲ ಪರೀಕ್ಷಾ ಮಾಡಾಕ ಹತ್ಯಾನ,” ಎಂದರು ಕಾಕಾ. ಆದರೆ ಹಾಗೆ ಹೇಳುವಾಗ ಅವರ ಕೈಯ ತಾಳ ಲಯ ತಪ್ಪಿತು.

“ಪರೀಕ್ಷಾ ದವಾಖಾನ್ಯಾಗ ಕೊಡ್ಲಿ ಕಾಕಾ. ಅಂವನ್ನ ಕೊಡ್ರಿ.”

“ಮಾಳ ತಗೀತೀರೇನು?”

“ಮಾಳ ಕೊಳ್ಳಾಗ ಐತಿ, ಸೂಜಿ ತೋಳಿಗೆ ಮಾಡೂದು. ಮಾಳಕ್ಕ ಯಾರೂ ಕೈ ಹಚ್ಚೂದಿಲ್ಲ.”

ಕಾಕಾ ತಾಳ ಕೆಳಗಿಟ್ಟು, ತಾವೇ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು.

ಬೆಳಗಾವಿಯ ವಾರ್ಡಿನಲ್ಲಿ ಹಾಸಿಗೆ ಇತ್ತು. ಆ ಹಣ ಬರದಿದ್ದರೆ ಇರುತ್ತಿರಲಿಲ್ಲ. ಮಾರುತಿಗೆ ಪ್ರಜ್ಞೆ ಸರಿಯಾಗಿ ಮರಳಿದ ದಿನ ಅವನನ್ನು ನೋಡಲು ಬಂದಿದ್ದ ನಾನೇ ಸೂಜಿ ಮಾಡಲು ಹತ್ತಿಯಲ್ಲಿ ಸ್ಪಿರಿಟ್ ಅದ್ದಿಕೊಂಡು ಹೋದೆ. ಅವನು ಮೂಗರಳಿಸಿ ತೋಳು ಹಿಂದಕ್ಕೆ ಎಳೆದುಕೊಂಡ. “ಸಿಸ್ಟರ್, ಇದರಾಗ ಅದ ಐತಿ. ಮಾಳಕರಿಗೆ ಹಚ್ಚಬ್ಯಾಡ್ರಿ,” ಎಂದ. ನಾನು ಸಾಬೂನು ನೀರಿನಿಂದ ಒರೆಸಿ ಸೂಜಿ ಮಾಡಿದೆ. ಇಡೀ ವಾರ್ಡು ನಕ್ಕಿತು, ಅವನೂ ನಕ್ಕ. ಕಾಕಾ ಹೊರಗಿನ ಕಟ್ಟೆಯ ಮೇಲೇ ಇದ್ದರು, ಹೋಟೆಲಿನದು ಏನೂ ತಿನ್ನುತ್ತಿರಲಿಲ್ಲ. ಮನೆಯಲ್ಲಿ ಹೇಳಿದ್ದಕ್ಕೆ ಅಮ್ಮ ಪೇಟೆಗೆ ಹೋಗಿ ಹೊಸ ಸ್ಟೀಲ್ ಡಬ್ಬಿ ಕೊಂಡು, ಹೊಸ ಪಾತ್ರೆಯಲ್ಲಿ ಅನ್ನ, ಬೇಳೆ ಮಾಡಿ ಕಳಿಸಿದಳು. ನಮ್ಮ ಪಾತ್ರೆಗೆ ಮಾಂಸ ತಾಗಿದ್ದೀತು ಎಂದು ಆ ಮನುಷ್ಯ ಹಸಿದಿರಬಾರದು ಎಂದಳು. ಕಾಕಾ ಡಬ್ಬಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತರು. ಆಮೇಲೆ ಒಂದಗುಳೂ ಬಿಡದೆ ಉಂಡರು.

ಆಮೇಲಿನ ತಿಂಗಳುಗಳನ್ನು ನೆನೆದರೆ ಇವತ್ತಿಗೂ ಜೀವ ಹಿಗ್ಗುತ್ತದೆ, ಆಮೇಲೆ ಹಾಗೆಯೇ ಕುಗ್ಗುತ್ತದೆ. ಮಾರುತಿ ಕೆಲಸಕ್ಕೆ ಮರಳಿದ. ಬೆಸುಗೆ ನೆಟ್ಟಗಾಯಿತು. ಹದಿನೈದು ದಿನಕ್ಕೊಮ್ಮೆ ರಜೆ ಹಾಕಿ ಮಂಗಳವಾರಕ್ಕೆ ಬರುತ್ತಿದ್ದ. ಬರುವಾಗ ಒಬ್ಬನೇ ಬರುತ್ತಿರಲಿಲ್ಲ. ರೈಲಿನಲ್ಲಿ ಸಿಕ್ಕ ಇಬ್ಬರು ಮೂವರನ್ನು ತೋಳು ಹಿಡಿದು ಕರೆತರುತ್ತಿದ್ದ. ಹೆರಿಗೆಯ ನಂತರ ಮಗುವನ್ನು ಮುಟ್ಟದೆ ಗೋಡೆ ನೋಡುತ್ತ ಕೂತಿದ್ದ ಒಬ್ಬ ಸೊಸೆಯನ್ನು ಅವಳ ಅತ್ತೆ ಕರೆತಂದದ್ದು ಮಾರುತಿಯ ಮಾತು ಕೇಳಿಯೇ. ಆ ಹುಡುಗಿ ಸುಧಾರಿಸಿ, ಮಗುವನ್ನು ಎತ್ತಿಕೊಂಡು ಬಂದು ನಮಗೆ ತೋರಿಸಿ ಹೋದಳು. ಜನ ಹೊರಗೆ ನಿಂತು ನೆನೆಯುತ್ತಾರೆಂದು ಮಾರುತಿ ಲಾರಿಯ ಹಳೆ ಕಬ್ಬಿಣದಿಂದ ಒಂದು ಉದ್ದ ಬೆಂಚು ಮಾಡಿ ತಂದು ವರಾಂಡದಲ್ಲಿ ಹಾಕಿದ. ಯಲ್ಲಪ್ಪಕಾಕಾ ಕೂಡ ಬದಲಾದರು. ಯಾರಾದರೂ ಕುಡುಕ ಮಗನನ್ನು ಕರೆತಂದು ಮಾಳ ಹಾಕಿ ಎಂದರೆ, “ಮೊದಲ ಮಂಗಳವಾರಕ್ಕ ಹೋಗಿ ಬರ್ರಿ. ಆ ಮ್ಯಾಲ ಮಾಳ,” ಎನ್ನುತ್ತಿದ್ದರು. ನಮ್ಮ ದೊಡ್ಡ ಬೋರ್ಡು ಮಾಡದ ಕೆಲಸವನ್ನು ಅವರ ಆ ಒಂದು ಮಾತು ಮಾಡಿತು.

ಸುರೇಖಾಳಿಗೆ ನಿದ್ದೆ ಬಂತು. ಕೆನ್ನೆ ತುಂಬಿಕೊಂಡವು.

ಮಾರ್ಚ್ ಮುಗಿಯುವ ಹೊತ್ತಿಗೆ ಮೇಲಿನಿಂದ ಮಾತು ಬಂತು. ಮುಂದಿನ ವರ್ಷದ ಹಣ ಬಂದಿಲ್ಲ, ಬರುವವರೆಗೆ ನಿಲ್ಲಿಸಿ ಎಂದು. ರದ್ದು ಮಾಡಿದ್ದೀರಾ ಎಂದು ಕೇಳಿದೆ. ಛೆ, ರದ್ದು ಯಾಕೆ ಮಾಡುತ್ತಾರೆ, ಬಂದಿಲ್ಲ ಅಷ್ಟೆ ಎಂದರು. ರದ್ದು ಎಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಡಾಕ್ಟರು ತಮ್ಮ ಊರಿನ ಕಡೆ ಹೋದರು. ನನ್ನನ್ನು ಬೆಳಗಾವಿಗೆ ಕರೆಸಿ ಜ್ವರದ ವಾರ್ಡಿಗೆ ಹಾಕಿದರು. ಕಪಾಟಿನ ಬೀಗದ ಕೈ, ಆಫೀಸಿನ ಫೋನು ಎಲ್ಲ ಒಪ್ಪಿಸಿದೆ. ಮಾರುತಿಯ ಬೆಂಚನ್ನು ಇನ್ಯಾವುದೋ ಕಚೇರಿಯವರು ಒಯ್ದರು. ಕೊನೆಯ ಮಂಗಳವಾರ ಬಂದವರಿಗೆಲ್ಲ ಇನ್ನು ಮೇಲೆ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಹೇಳುತ್ತಿದ್ದೆ. ಮಾರುತಿಗೆ ನನ್ನ ಸ್ವಂತ ನಂಬರನ್ನೂ ಕೊಟ್ಟೆ.

“ಹಂಗಾರ ಇನ್ನ ಮಂಗಳವಾರ ಇಲ್ಲೇನ್ರಿ ಸಿಸ್ಟರ್?” ಎಂದ.

“ಸ್ವಲ್ಪ ದಿನ ಇರೂದಿಲ್ಲ. ಮತ್ತ ಬರತೈತಿ,” ಎಂದೆ. ನಾನೂ ಹಾಗೆಂದೇ ನಂಬಿದ್ದೆ.

ಮಳೆಗಾಲ ಶುರುವಾಗಿತ್ತು. ಒಂದು ದಿನ ಜ್ವರದ ವಾರ್ಡಿಗೆ ಖಾನಾಪುರದ ಹಳೆಯ ರೋಗಿಯೊಬ್ಬ ಬಂದ. ನನ್ನನ್ನು ನೋಡಿ, ನಿಮಗೆ ಗೊತ್ತಾಯಿತೇನ್ರಿ, ಗುಂಜಿಯ ವೆಲ್ಡರ್ ಮಾರುತಿ ಕುಡಿದು ಸತ್ತ ಎಂದ. ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಮರುದಿನ ರಜೆ ಕೇಳಿ ರೈಲು ಹತ್ತಿದೆ.

ಅವರ ಮನೆಯಲ್ಲಿ ದೂರದ ನೆಂಟರೆಲ್ಲ ಹೋಗಿಯಾಗಿತ್ತು. ಕಾಕಾ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನಾನು ಅವರೆದುರು ಕೂತೆ. ಸುರೇಖಾ ನನ್ನ ಪಕ್ಕದಲ್ಲಿ ಕುಳಿತು, ಅಳದೆ, ಬೇರೆ ಯಾರದೋ ಕತೆಯಂತೆ ಎಲ್ಲ ಹೇಳಿದಳು. ಗುಳಿಗೆ ಮುಗಿದವು. ಮಾರುತಿ ದೊಡ್ಡ ಆಸ್ಪತ್ರೆಗೆ ಹೋದ, ಅವತ್ತು ಡಾಕ್ಟರ್ ಇರಲಿಲ್ಲ. ಇನ್ನೊಂದು ದಿನ ಹೋದ, ಸರದಿಯಲ್ಲಿ ನಿಂತು ಒಂದು ದಿನದ ಸಂಬಳ ಹೋಯಿತೇ ಹೊರತು ಸರದಿ ಬರಲಿಲ್ಲ. ಬೇಸಿಗೆಯ ಒಂದು ಸಂಜೆ ಕೆಲಸದಿಂದ ಬಂದವನು ಕಾಲು ತೊಳೆದುಕೊಂಡು, ಕೊರಳಿನ ಮಾಳ ತೆಗೆದು ದೇವರ ಜಗಲಿಯ ಮೇಲಿಟ್ಟು, ನಮಸ್ಕಾರ ಮಾಡಿ, ಏನೂ ಹೇಳದೆ ಹೊರಗೆ ಹೋದ. ಮರಳಿ ಬಂದಾಗ ಕುಡಿದಿದ್ದ. ಯಾಕೆ ಎಂದು ಅವಳಿಗೆ ಗೊತ್ತಿಲ್ಲ. ಅವನಿಗೂ ಗೊತ್ತಿತ್ತೆಂದು ನನಗೆ ಅನಿಸುವುದಿಲ್ಲ. ಅದು ಬರುವಾಗ ಕಾರಣ ಕೇಳಿ ಬರುವ ರೋಗವಲ್ಲ.

“ಏಕಾದಶಿ ಹತ್ತರ ಬಂತ್ರಿ,” ಎಂದಳು. “ನಾನ ಅಂದೆ, ಬಿಡ್ರಿ, ಮತ್ತ ಮಾಳ ಹಾಕ್ಕೋರಿ ಅಂತ. ಕೈ ಮುಗದೆ. ಡಾಕ್ಟರ್ ಹೇಳಿದ್ದು ನೆನಪಿತ್ರಿ ಅವರಿಗೆ. ಹಾಸಿಗಿ ಕೇಳಿ ಬಂದ್ರು. ಈಗ ಇಲ್ಲ, ಏಕಾದಶಿ ಆದ ಮ್ಯಾಲ ಬಾ ಅಂದ್ರಂತ. ನಮ್ಮವರು, ಈ ಸಲ ನಾ ಕುಡದಿದ್ದು ಕಮ್ಮಿ ದಿನ, ಏನೂ ಆಗೂದಿಲ್ಲ ಅಂದ್ರು. ಆ ಮ್ಯಾಲ ಒಂದ ಹನಿ ಮುಟ್ಟಲಿಲ್ಲ. ಕೈ ನಡಗಾಕ ಹತ್ತಿದ್ವು. ನಾ ನಿಮಗ ಫೋನ ಹಚ್ಚಿದೆ ಸಿಸ್ಟರ್. ಸ್ವಿಚ್ ಆಫ್ ಅಂತಿತ್ತು.”

ಅವಳ ಫೋನಿನಲ್ಲಿ ಇದ್ದದ್ದು ಆಫೀಸಿನ ನಂಬರು. ನನ್ನದು ಮಾರುತಿಯ ಫೋನಿನಲ್ಲಿತ್ತು, ಅದನ್ನು ತೆರೆಯುವುದು ಅವಳಿಗೆ ಬರಲಿಲ್ಲ. ಆಂಬುಲೆನ್ಸ್ ಬರುವ ಮೊದಲೇ ಫಿಟ್ಸ್ ಮೇಲೆ ಫಿಟ್ಸ್ ಬಂದವು. ಮತ್ತೆ ಕಣ್ಣು ತೆರೆಯಲಿಲ್ಲ. ಏಕಾದಶಿಗೆ ಇನ್ನೂ ದಿನ ಉಳಿದಿದ್ದವು.

“ಮಾಳ ಇಲ್ಲದ ಕಳಿಸಿದ್ರು ಸಿಸ್ಟರ್,” ಎಂದಳು. ಮಾಳಕರಿ ಸತ್ತರೆ ಮಾಳದೊಂದಿಗೆ, ತಾಳ ಬಾರಿಸುತ್ತ, ಭಜನೆ ಹಾಡುತ್ತ ಒಯ್ಯುತ್ತಾರೆ. ಕುಡಿದು ಸತ್ತವನಿಗೆ ಹೇಗೆ ಹಾಕುವುದು ಎಂದು ಊರು ಬೇಡವೆಂದಿತ್ತಂತೆ. ಕಾಕಾ ಎದುರು ಮಾತಾಡಿರಲಿಲ್ಲ. ಅಷ್ಟು ಹೇಳಿ ಅವಳು ಎದ್ದು ಚಹಾ ಮಾಡಲು ಒಳಗೆ ಹೋದಳು.

ಕಾಕಾ ನೆಲ ನೋಡುತ್ತಲೇ ಇದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: “ಸಿಸ್ಟರ್, ಖರೇ ಹೇಳಬೇಕು. ಕುಡಕೋಂತನ ಇದ್ದಿದ್ರ ಅಂವಾ ಇವತ್ತ ಇರ್ತಿದ್ನೇನು?”

ಒಳಗೆ ಪಾತ್ರೆಯ ಸದ್ದು ನಿಂತಿತು. ಸುರೇಖಾ ಕೇಳಿಸಿಕೊಳ್ಳುತ್ತಿದ್ದಳು. ಬಿಡಿ ಎಂದು ಕೈ ಮುಗಿದವಳು ಅವಳು. ಹೌದು ಎಂದರೆ ಅವಳು ಜನ್ಮವಿಡೀ ಆ ಮುಗಿದ ಕೈಗಳನ್ನು ನೋಡಿಕೊಂಡು ಬದುಕಬೇಕು. ಇಲ್ಲ ಎಂದರೆ ಕಾಕಾ ಮತ್ತೆ ಹಳೆಯ ಮದ್ದಿಗೇ ಹೋಗುತ್ತಾರೆ, ಮುಂದಿನ ಏಕಾದಶಿಗೆ ಇನ್ನೊಂದು ಮನೆಯ ಮಗನಿಗೆ ಮಾಳ ಹಾಕಿ ಕೂರಿಸುತ್ತಾರೆ. ಅಷ್ಟು ಕಷ್ಟದ ಪ್ರಶ್ನೆಯನ್ನು ನನಗೆ ಯಾವ ರೋಗಿಯೂ ಕೇಳಿರಲಿಲ್ಲ.

ಒಳಗೂ ಕೇಳಿಸುವ ಹಾಗೆ ಹೇಳಿದೆ. “ಈ ವಾರ ಇರ್ತಿದ್ದ ಕಾಕಾ. ಕುಡಕೋಂತ ಹೋಗಿದ್ರ ಮುಂದ ಅದರಿಂದನ ಹೋಗ್ತಿದ್ದ. ಬಿಡು ಅಂದಾಕಿದು ತಪ್ಪಲ್ಲ. ಬಿಟ್ಟಿದ್ದೂ ತಪ್ಪಲ್ಲ. ಬಿಡೂ ಮುಂದ ಗುಳಗಿ ಬೇಕಾಗಿತ್ತು, ಮಲಗಾಕ ಒಂದ ಹಾಸಿಗಿ ಬೇಕಾಗಿತ್ತು. ಹೋದ ವರ್ಷ ಇದ್ವು, ಉಳದ. ಈ ವರ್ಷ ಇರಲಿಲ್ಲ.”

“ಯಾಕ ಇರಲಿಲ್ಲ?”

“ರೊಕ್ಕ ಬರಲಿಲ್ಲ ಕಾಕಾ.”

ಅವರು ಅದನ್ನೇ ಒಮ್ಮೆ ತಮ್ಮೊಳಗೆ ಹೇಳಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸುರೇಖಾ ಚಹಾ ತಂದು ಇಟ್ಟಳು. ಅವಳ ಮುಖ ಈಗ ಒದ್ದೆಯಾಗಿತ್ತು. “ಊರ ಮಂದೆಲ್ಲ ಕುಡದ ಸತ್ತ ಅಂತಾರ್ರಿ,” ಎಂದಳು. “ನಾ ಹೇಳಿದ್ರ ಹೆಂಡ್ತಿ, ಹಂಗ ಅಂತಾಳ ಅಂತಾರ. ನೀವು ಹೋಗೂ ಮುಂದ ಅವರಿಗೊಂದ ಮಾತ ಹೇಳಿ ಹೋಗ್ರಿ ಸಿಸ್ಟರ್. ನಿಮ್ಮ ಮಾತ ಕೇಳ್ತಾರ.”

ಆಗಲಿ ಎಂದು ಎದ್ದೆ. ಕಾಕಾ ಕೂಡ ಕಂಬ ಹಿಡಿದು ಎದ್ದರು. ಕೊಡೆ ತೆಗೆದುಕೊಳ್ಳದೆ, ನನ್ನನ್ನು ಕರೆಯದೆ, ಮಳೆಯಲ್ಲೇ ಅಂಗಳ ದಾಟಿ ನಡೆದರು. ನಾನು ಹಿಂದೆ ಹೋದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು: “ನಮ್ಮ ಮಾರುತಿ ಕುಡದ ಸತ್ತಿಲ್ಲ. ಬಿಟ್ಟ ಸತ್ತಾನ.”

ಅವರಿಗೆ ಅರ್ಥವಾಗಲಿಲ್ಲ. ಕಾಕಾ ಮುಖದ ಮೇಲಿನ ನೀರು ಒರೆಸಿಕೊಂಡು, ಇನ್ನಷ್ಟು ನಿಧಾನವಾಗಿ, ಅದನ್ನೇ ಮತ್ತೊಮ್ಮೆ ಹೇಳಿದರು. ಆಮೇಲೆ ಮುಂದಿನ ಮನೆಗೆ ನಡೆದರು.